ಚಿನ್ನದ ಬೆಲೆಯೂ ಮಹಾಯುದ್ಧದ ಭಯವೂ: ಕೋಲಾರ ಗಣಿಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಚಿನ್ನದ ಬೆಲೆ ಜಿಗಿದಾಗಲೆಲ್ಲ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಆಭರಣದಂಗಡಿಗಳಲ್ಲಿ ಒಂದು ಮಾತು ಓಡಾಡುತ್ತದೆ: ದೊಡ್ಡ ದೇಶಗಳು ಕಾಲು ಕೆರೆದು ನಿಂತಿವೆ, ಯುದ್ಧ ಬಂದೇ ಬರುತ್ತದೆ, ಅದಕ್ಕೇ ರೇಟು ಹೀಗೆ. 2025ರ ಅಕ್ಟೋಬರ್‌ನಲ್ಲಿ ಬೆಲೆ ಔನ್ಸಿಗೆ 4,000 ಡಾಲರ್ ದಾಟಿದ ಮೇಲಂತೂ ಈ ಮಾತು ಮದುವೆ ಮನೆಯ ಲೆಕ್ಕಾಚಾರದೊಳಗೂ ಸೇರಿಕೊಂಡಿದೆ. ಬಜಾರಿನ ಮಾತು ಎಂದು ತಳ್ಳಿಹಾಕುವಂತಿಲ್ಲ. ಆರ್ಥಿಕ ಪತ್ರಿಕೆಗಳೂ ಇದನ್ನೇ ಇನ್ನಷ್ಟು ನಯವಾಗಿ ಬರೆಯುತ್ತವೆ. ಹಾಗಾದರೆ ಚಿನ್ನದ ಬೆಲೆ ಮಹಾಯುದ್ಧದ ಮುನ್ಸೂಚನೆಯೇ? ಬಲಾಢ್ಯ ರಾಷ್ಟ್ರಗಳ ನಡುವಿನ ಬಿಗುವು ಎಷ್ಟು ಏರಿದರೆ ಯುದ್ಧವಾಗುತ್ತದೆ ಎಂಬುದನ್ನು ಅದರಿಂದ ಓದಬಹುದೇ? ಈ ಮಾತನ್ನು ಒರೆಗೆ ಹಚ್ಚಲು ಕೋಲಾರ ಚಿನ್ನದ ಗಣಿಗಿಂತ ತಕ್ಕ ಜಾಗ ನಮ್ಮಲ್ಲಿಲ್ಲ.

ಯಾಕೆಂದರೆ ಆ ಗಣಿಯ ಆಯುಷ್ಯ ಬಿದ್ದಿರುವ ಕಾಲವೇ ಹಾಗಿದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಕಾಲಿಟ್ಟಾಗ ಜಗತ್ತಿನ ದೊಡ್ಡ ದೇಶಗಳು ಒಂದೊಂದಾಗಿ ತಮ್ಮ ನಾಣ್ಯವನ್ನು ಚಿನ್ನಕ್ಕೆ ಕಟ್ಟುತ್ತಿದ್ದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಅದೇ ಲಂಡನ್ ತನ್ನ ಖಜಾನೆಯ ಚಿನ್ನವನ್ನು ಹರಾಜಿನಲ್ಲಿ ಮಾರುತ್ತಿತ್ತು. ನಡುವಿನ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಅಷ್ಟರಲ್ಲಿ ಎರಡು ಮಹಾಯುದ್ಧಗಳು, ಒಂದು ಶೀತಲ ಸಮರ, ಭಾರತದ ನೆರೆಯ ಯುದ್ಧಗಳು ಎಲ್ಲ ಆಗಿಹೋದವು. ಒಂದು ಊಹೆಯನ್ನು ಪರೀಕ್ಷಿಸಲು ಇದಕ್ಕಿಂತ ಉದ್ದದ ಸರಣಿ ಸಿಗುವುದು ಕಷ್ಟ.

ಮೊದಲು 1914. ಆ ಹೊತ್ತಿನ ಕೆಜಿಎಫ್ ಅನ್ನು, ಎಂದರೆ ಕೋಲಾರದ ಈ ಗಣಿ ಊರನ್ನು, ಇಂದಿನ ಭಾಷೆಯಲ್ಲಿ ಜಾಗತೀಕರಣದ ಮಾದರಿ ಊರು ಎನ್ನಬಹುದು. ಕಂಪನಿಗಳ ಷೇರುದಾರರು ಲಂಡನ್ನಿನಲ್ಲಿ. ಗಣಿಯ ಕೆಳಗೆ ಕಾರ್ನ್‌ವಾಲಿನಿಂದ, ಇಟಲಿಯಿಂದ ಬಂದ ನುರಿತ ಗಣಿಗಾರರು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ, ಬಹುಪಾಲು ದಲಿತರಾಗಿದ್ದ ಕಾರ್ಮಿಕರು ಸಾಲುಸಾಲು ಲೈನು ಮನೆಗಳಲ್ಲಿ. ಯಂತ್ರ ತಿರುಗಿಸುವ ಕರೆಂಟು 1902ರ ಜೂನ್‌ನಿಂದ ಶಿವನಸಮುದ್ರದಿಂದ ಬರುತ್ತಿತ್ತು. ಆ ವಿದ್ಯುತ್ ಕೇಂದ್ರದ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್‌ನವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಸುಮಾರು 147 ಕಿಲೋಮೀಟರ್ ಎಳೆದ ಆ ಲೈನು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪಕ್ಕೂ ಮೊದಲು ಚಿನ್ನ ಅಗೆಯಲು ಆ ವಿದ್ಯುತ್ ಹರಿಯಿತೆಂಬುದು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಯಾವುದು ಮೊದಲು ಬೇಕಾಗಿತ್ತು ಎಂಬುದನ್ನೂ ಅದು ಹೇಳುತ್ತದೆ. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗಿನ ಹದಿನಾರು ಕಿಲೋಮೀಟರ್ ರೈಲು ದಾರಿ ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೇ ಆಗಿತ್ತು. ಯಂತ್ರ ಒಳಗೆ ಬರುವುದು, ಚಿನ್ನ ಹೊರಗೆ ಹೋಗುವುದು, ಎರಡೂ ಆ ಜಂಕ್ಷನ್ ದಾಟಿಯೇ. 1905ರ ಸುಮಾರಿಗೆ ವರ್ಷದ ಉತ್ಪನ್ನ 6 ಲಕ್ಷ ಔನ್ಸ್ ಮೀರಿತ್ತು, ಎಂದರೆ ಹೆಚ್ಚುಕಡಿಮೆ 19 ಟನ್.

ಇಷ್ಟು ಬಿಗಿಯಾಗಿ ಹೆಣೆದುಕೊಂಡ ಜಗತ್ತಿನಲ್ಲಿ ದೊಡ್ಡ ಯುದ್ಧ ಯಾರಿಗೂ ಲಾಭ ತರದು ಎಂದು ನಾರ್ಮನ್ ಏಂಜಲ್ 1910ರಲ್ಲಿ ‘ದಿ ಗ್ರೇಟ್ ಇಲ್ಯೂಷನ್’ ಪುಸ್ತಕದಲ್ಲಿ ವಾದಿಸಿದ್ದ. ಯುದ್ಧ ಆಗುವುದೇ ಇಲ್ಲ ಎಂದು ಆತ ಹೇಳಿದನೆಂದು ಇಂದಿಗೂ ಹಂಗಿಸುವವರಿದ್ದಾರೆ. ಆತ ಹೇಳಿದ್ದು ಗೆದ್ದವನಿಗೂ ಅದು ನಷ್ಟದ ಬಾಬತ್ತು ಎಂದಷ್ಟೆ. ಅದು ಸರಿಯೇ ಇತ್ತು. ಆದರೆ ನಷ್ಟವಾಗುತ್ತದೆ ಎಂಬ ತಿಳಿವಳಿಕೆ ಯುದ್ಧವನ್ನು ತಡೆಯಲಿಲ್ಲ.

ಚಿನ್ನ ಏನಾದರೂ ಮುನ್ಸೂಚನೆ ಕೊಟ್ಟಿತೇ? ಕೊಡುವಂತೆಯೇ ಇರಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಚಿನ್ನಕ್ಕೆ ಕೊಡುತ್ತಿದ್ದ ಬೆಲೆ ಕಾನೂನಿನಲ್ಲೇ ಗೊತ್ತುಮಾಡಿದ್ದು; ಸರಾಯೆವೊದಲ್ಲಿ ಗುಂಡು ಹಾರಿದ ಜೂನ್ 28ರಂದು ಎಷ್ಟಿತ್ತೋ ಬ್ರಿಟನ್ ಯುದ್ಧ ಸಾರಿದ ಆಗಸ್ಟ್ 4ರಂದೂ ಅಷ್ಟೇ. ಬೆಲೆ ಏರಿಳಿಯಲು ಬಿಟ್ಟಿದ್ದ ಸಾಲಪತ್ರಗಳ ಪೇಟೆಯೂ ಜುಲೈ ಕೊನೆಯ ವಾರದವರೆಗೆ ಹೆಚ್ಚೇನೂ ಅಲುಗಾಡಲಿಲ್ಲ. ಆಮೇಲೆ ಒಮ್ಮೆಲೇ ಕುಸಿತ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಕಂಪನಿಗಳ ಷೇರು ಕೊಳ್ಳುವ, ಮಾರುವ ಲಂಡನ್ ವಿನಿಮಯ ಕೇಂದ್ರ ಜುಲೈ 31ರಂದು ಬಾಗಿಲು ಹಾಕಿ, ಮುಂದಿನ ಜನವರಿಯವರೆಗೆ ತೆರೆಯಲಿಲ್ಲ. ಹಣ ಹೂಡಿದವರು, ಅದರಲ್ಲೂ ಸುದ್ದಿ ಎಲ್ಲರಿಗಿಂತ ಮೊದಲು ತಿಳಿಯಬೇಕಾದವರು, ನಾಲ್ಕು ವಾರ ಕಾಲ ಏನನ್ನೂ ಕಾಣಲಿಲ್ಲ ಎಂಬುದು ಈ ಟಿಪ್ಪಣಿಗೆ ಮುಖ್ಯ.

ಯುದ್ಧ ಗಣಿಯ ಬಳಿಗೆ ಬಂದದ್ದು ಬೇರೆ ದಾರಿಯಲ್ಲಿ. ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆಯಿತು. ಕೆಲವೇ ವಾರಗಳಲ್ಲಿ ಅದು ಅರಬ್ಬೀ ಸಮುದ್ರದ ಮಿನಿಕಾಯ್ ಸುತ್ತ ವ್ಯಾಪಾರಿ ಹಡಗುಗಳನ್ನು ಹಿಡಿಯತೊಡಗಿತು. ಬೊಂಬಾಯಿಯಿಂದ ಲಂಡನ್ನಿಗೆ ಚಿನ್ನ ಹೊರುವ ಸಮುದ್ರ ಮಾರ್ಗ ಅದೇ ಕಡಲಿನದು. ಮೈಸೂರು ಸಂಸ್ಥಾನ ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟಿತು. ಮೈಸೂರು ಲ್ಯಾನ್ಸರ್ಸ್ ಕುದುರೆಗಳು 1918ರ ಸೆಪ್ಟೆಂಬರ್‌ನಲ್ಲಿ ಹೈಫಾ ತಲುಪಿದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜರ್ಮನರು ಬಂಧನಕ್ಕೊಳಗಾಗಿ, ಅವರು ಕಟ್ಟಿದ ಹೆಂಚಿನ ಕಾರ್ಖಾನೆಗಳು ಕಡೆಗೆ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ನಿನ್ನೆಯವರೆಗೆ ಊರಿನವರೇ ಆಗಿದ್ದವರು ಬೆಳಗಾಗುವುದರಲ್ಲಿ ಶತ್ರು ಪ್ರಜೆಗಳು. 1918ರಲ್ಲಿ ಬೊಂಬಾಯಿ ಟಂಕಸಾಲೆ ಆ ಒಂದೇ ವರ್ಷ ಸವರನ್ನುಗಳನ್ನು ಅಚ್ಚು ಹಾಕಿತು. ಅವುಗಳ ಮೇಲೆ ಭಾರತದ ಗುರುತಾಗಿ ‘ಐ’ ಎಂಬ ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇದೆ, ಕುದುರೆಯೇರಿದ ಸಂತ ಜಾರ್ಜನ ಕಾಲಡಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು. ಲಂಡನ್ನಿನಲ್ಲಿ ಅಚ್ಚಾಗಬೇಕಾದ ನಾಣ್ಯ ಬೊಂಬಾಯಿಯಲ್ಲಿ ಅಚ್ಚಾಗಬೇಕಾಯಿತು ಎಂಬುದರಲ್ಲೇ ಕಡಲು ಎಷ್ಟು ಅಪಾಯವಾಗಿತ್ತು ಎಂಬುದು ತಿಳಿಯುತ್ತದೆ.

ಎರಡನೇ ಮಹಾಯುದ್ಧದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ನಾಣ್ಯಪದ್ಧತಿಯನ್ನು ಕೈಬಿಟ್ಟ ಮೇಲೆ ಬೆಲೆ ಏರಿ ಗಣಿಗೆ ಒಳ್ಳೆಯ ದಿನ ಬಂದವು. ಆದರೆ ಆ ಏರಿಕೆಯ ಬೇರು ಆರ್ಥಿಕ ಕುಸಿತದಲ್ಲಿತ್ತು, ಹಿಟ್ಲರನಲ್ಲಲ್ಲ. ಆಗಿನ್ನೂ ಆತ ಅಧಿಕಾರಕ್ಕೇ ಬಂದಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಯುದ್ಧ ನಡೆಯುತ್ತಿರುವಾಗಲೇ, 1943ರಿಂದ, ಮಿತ್ರರಾಷ್ಟ್ರಗಳು ಭಾರತದ ಪೇಟೆಯಲ್ಲಿ ಚಿನ್ನ ಮಾರಿದವು. ಸೈನ್ಯಕ್ಕಾಗಿ ಅಚ್ಚು ಹಾಕಿದ ನೋಟು ಜನರ ಕೈಯಲ್ಲಿ ತುಂಬಿ ಬೆಲೆಗಳು ಏರುತ್ತಿದ್ದವು. ಆ ಹಣವನ್ನು ಹಿಂದಕ್ಕೆ ಸೆಳೆಯಲು ಚಿನ್ನ ಬೇಕಾಯಿತು.

ಈಗ 1962. ಈ ಸರಣಿಯಲ್ಲಿ ನಿಜವಾಗಿ ನಿಂತು ನೋಡಬೇಕಾದ ವರ್ಷ ಇದು. ಆ ಅಕ್ಟೋಬರ್ 16ರಿಂದ 28ರವರೆಗೆ ಕ್ಯೂಬಾದ ಕ್ಷಿಪಣಿಗಳ ವಿಚಾರದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣ್ವಸ್ತ್ರ ಯುದ್ಧದ ಅಂಚಿಗೆ ಬಂದವು. ಅದರ ನಡುವೆಯೇ, ಅಕ್ಟೋಬರ್ 20ರಂದು, ಚೀನಾ ಹಿಮಾಲಯದಲ್ಲಿ ದಾಳಿ ಮಾಡಿತು. ಮಹಾಯುದ್ಧಕ್ಕೆ ಅದಕ್ಕಿಂತ ಹತ್ತಿರದ ವಾರ ಆ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದಿಲ್ಲ ಎಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಅಂತರರಾಷ್ಟ್ರೀಯ ಪೇಟೆಯಲ್ಲಿ ಚಿನ್ನ? ಔನ್ಸಿಗೆ 35 ಡಾಲರಿನ ಆಸುಪಾಸಿನಲ್ಲೇ ಕೂತಿತ್ತು. 1960ರ ಅಕ್ಟೋಬರ್‌ನಲ್ಲಿ ಲಂಡನ್ ಬೆಲೆ 40 ಡಾಲರಿಗೆ ಜಿಗಿದದ್ದನ್ನು ಕಂಡು ಬೆಚ್ಚಿದ್ದ ಎಂಟು ದೇಶಗಳ ಕೇಂದ್ರ ಬ್ಯಾಂಕುಗಳು ತಮ್ಮ ಚಿನ್ನವನ್ನು ಒಟ್ಟುಗೂಡಿಸಿ ಬೆಲೆಯನ್ನು ಹಿಡಿದಿಟ್ಟಿದ್ದವು. ಜ್ವರ ಏರಿದಾಗಲೇ ಕಡ್ಡಿಯ ಪಾದರಸವನ್ನು ಬೆರಳಿನಿಂದ ಒತ್ತಿ ಹಿಡಿದ ಹಾಗೆ.

ಆದರೆ ಕೋಲಾರದಲ್ಲಿ ಅದೇ ಬಿಗುವು ಕಾನೂನಿನ ರೂಪದಲ್ಲಿ ಬಂದಿಳಿಯಿತು. ಚೀನಾ ನವೆಂಬರ್ 21ರಂದು ಕದನ ವಿರಾಮ ಘೋಷಿಸಿತು. ಹತ್ತು ದಿನಗಳ ನಂತರ, ಡಿಸೆಂಬರ್ 1ರಂದು, 1956ರಿಂದ ಮೈಸೂರು ಸರ್ಕಾರದ ಕೈಯಲ್ಲಿದ್ದ ಗಣಿಗಳು ಕೇಂದ್ರದ ಹಣಕಾಸು ಸಚಿವಾಲಯಕ್ಕೆ ಸೇರಿದವು. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ಯುದ್ಧದಿಂದಾಗಿಯೇ ಗಣಿ ಕೇಂದ್ರಕ್ಕೆ ಹೋಯಿತು ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ, ನಾನು ಬರೆಯುವುದಿಲ್ಲ. ಒಂದು ಸರ್ಕಾರದಿಂದ ಇನ್ನೊಂದಕ್ಕೆ ಇಷ್ಟು ದೊಡ್ಡ ಉದ್ಯಮ ಕೈಬದಲಾಗುವ ಪತ್ರವ್ಯವಹಾರ ಹತ್ತು ದಿನದಲ್ಲಿ ಆಗುವಂಥದ್ದಲ್ಲ. ದೇಶಕ್ಕೆ ವಿದೇಶಿ ವಿನಿಮಯದ ಕೊರತೆ 1957ರಿಂದಲೇ ಕಾಡುತ್ತಿತ್ತು. ಯುದ್ಧ ಅದರ ತುರ್ತನ್ನು ಹೆಚ್ಚಿಸಿರಬಹುದು, ಅಷ್ಟೇ.

ಯುದ್ಧದ ನೇರ ಫಲ ಎಂದು ಧೈರ್ಯವಾಗಿ ಹೇಳಬಹುದಾದವು ಬೇರೆ ಇವೆ. ಒಂದು, ಚಿನ್ನದ ನಿಯಂತ್ರಣ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಭಾರತ ರಕ್ಷಣಾ ನಿಯಮಗಳಡಿಯಲ್ಲೇ ಅದನ್ನು ತಂದರು. 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧದ ಆಭರಣ ಮಾಡುವಂತಿಲ್ಲ ಎಂದಾಯಿತು. ಮುಳಬಾಗಿಲು, ಕೋಲಾರ, ಬಂಗಾರಪೇಟೆಯೆಂದಲ್ಲ, ದೇಶದ ಎಲ್ಲ ಪೇಟೆ ಬೀದಿಗಳ ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ಮುಂದೆ 1968ರ ಕಾಯ್ದೆಯಾಗಿ ಗಟ್ಟಿಯಾದ ಈ ನಿಯಂತ್ರಣ 1990ರವರೆಗೆ ಉಳಿಯಿತು. ಹಿಮಾಲಯದ ಯುದ್ಧ ಒಂದು ತಿಂಗಳದು. ಅದರ ಹೆಸರಿನಲ್ಲಿ ಬಂದ ನಿಯಮ ಇಪ್ಪತ್ತೇಳು ವರ್ಷದ್ದು.

ಎರಡನೆಯದು ಕೆಜಿಎಫ್‌ನ ಬೆಮೆಲ್ ಕಾರ್ಖಾನೆ. ರಕ್ಷಣಾ ಉತ್ಪಾದನಾ ಇಲಾಖೆ ಹುಟ್ಟಿದ್ದೇ 1962ರ ನವೆಂಬರ್‌ನಲ್ಲಿ. ಅದರಡಿಯಲ್ಲಿ ಭಾರತ್ ಅರ್ತ್ ಮೂವರ್ಸ್ 1964ರ ಮೇ ತಿಂಗಳಲ್ಲಿ ಸ್ಥಾಪನೆಯಾಯಿತು. ಗಡಿಯಲ್ಲಿ ರಸ್ತೆ ಇರಲಿಲ್ಲ, ರಸ್ತೆ ಕಡಿಯುವ ಯಂತ್ರವೂ ಇರಲಿಲ್ಲ ಎಂಬ ಪಾಠ ಆಗಷ್ಟೇ ಕಲಿತದ್ದು. ಬುಲ್ಡೋಜರ್‌ಗಳ ತಂತ್ರಜ್ಞಾನ ಜಪಾನಿನ ಕೊಮಾತ್ಸುವಿನದು. 1980ರ ದಶಕದಲ್ಲಿ ಸೇನೆಯ ಟಾಟ್ರಾ ಲಾರಿಗಳಿಗೆ ಒಪ್ಪಂದವಾದದ್ದು ವಾರ್ಸಾ ಕೂಟದಲ್ಲಿದ್ದ ಜೆಕೊಸ್ಲೊವಾಕಿಯಾದ ಜೊತೆ. ಒಂದೇ ಕಂಪನಿಯೊಳಗೆ ಎರಡೂ ಬಣದ ಯಂತ್ರ. ಅಲಿಪ್ತ ನೀತಿಯ ಬಗ್ಗೆ ಎಷ್ಟೋ ಭಾಷಣಗಳಿವೆ. ಅದು ನೆಲದ ಮೇಲೆ ಹೇಗಿತ್ತು ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ. ಗಣಿ ಮುಚ್ಚಿ ಇಪ್ಪತ್ತೈದು ವರ್ಷವಾದರೂ ಬೆಮೆಲ್ ನಗರ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ. ಚಿನ್ನ ಹೋದರೂ ಕೆಜಿಎಫ್‌ನಲ್ಲಿ ಉಳಿದ ದೊಡ್ಡ ಕಾರ್ಖಾನೆ ಆ ಬಿಗುವಿನ ಕಾಲದ್ದೇ.

ಮೂರನೆಯದು ಯುದ್ಧದ ನೇರ ಫಲವಲ್ಲ; ಅದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ, ಏಕೆಂದರೆ ಕಾರ್ಮಿಕರಿಗೆ ಅದರ ಬಿಸಿ ತಟ್ಟಿದಷ್ಟು ಬೇರೆ ಯಾವುದರದ್ದೂ ತಟ್ಟಲಿಲ್ಲ: ಬೆಲೆ. ಕೇಂದ್ರ ಸರ್ಕಾರ ಗಣಿಯ ಚಿನ್ನವನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ದರದಲ್ಲಿ ಲೆಕ್ಕ ಹಾಕಿಕೊಂಡಿತು. 1944ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ ಆದ ಏರ್ಪಾಡಿನಂತೆ ಅದು ಔನ್ಸಿಗೆ 35 ಡಾಲರ್. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದಾಗ ಔನ್ಸಿಗೆ 166 ರೂಪಾಯಿ 60 ಪೈಸೆ; ಹತ್ತು ಗ್ರಾಮಿಗೆ ಸುಮಾರು 53 ರೂಪಾಯಿ 56 ಪೈಸೆ. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ 84 ರೂಪಾಯಿ 39 ಪೈಸೆ. 1962ರಲ್ಲಿ ದೇಶದ ಪೇಟೆಯ ಬೆಲೆ ಆಗಿನ ಆ 53 ರೂಪಾಯಿಯ ಎರಡು ಪಟ್ಟಿನ ಹತ್ತಿರವಿತ್ತು. ಚಾಂಪಿಯನ್ ರೀಫ್‌ನ ತಳ ಮೂರು ಕಿಲೋಮೀಟರ್ ಮೀರಿದ ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ತಂಪು ಗಾಳಿ ಪಂಪ್ ಮಾಡದೆ ಮನುಷ್ಯ ನಿಲ್ಲುವಂತಿರಲಿಲ್ಲ, ಒತ್ತಡಕ್ಕೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್ ಯಾವ ಹೊತ್ತಿನಲ್ಲಾದರೂ ಆಗಬಹುದಿತ್ತು. ಅಲ್ಲಿಂದ ತೆಗೆದ ಚಿನ್ನಕ್ಕೆ ಕಟ್ಟಿದ ಬೆಲೆ ವಾಷಿಂಗ್ಟನ್ನಿನ ನಾಣ್ಯ ವ್ಯವಸ್ಥೆಯ ಮರ್ಯಾದೆ ಕಾಯುವುದಕ್ಕೆ ಇದ್ದದ್ದು. ಗಣಿ ನಷ್ಟಕ್ಕೆ ಬಿದ್ದದ್ದು ಕಾರ್ಮಿಕರ ಸಂಖ್ಯೆಯಿಂದ ಎಂದು ಬರೆದ ವರದಿಗಳನ್ನು ಓದುವಾಗ ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಉಪಕಥೆ. 1965ರಲ್ಲಿ ಅದೇ ಚಾಂಪಿಯನ್ ರೀಫ್ ಗಣಿಯೊಳಗೆ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕಿತು, ಜಗತ್ತಿನಲ್ಲೇ ಮೊದಲು ವರದಿಯಾದವುಗಳಲ್ಲಿ ಒಂದು. ಕೆಲಸ ಮಾಡಿದವರು ಬೊಂಬಾಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರು, ಎಂ.ಜಿ.ಕೆ. ಮೆನನ್, ಮಿಯಾಕೆ, ವೂಲ್ಫೆಂಡೇಲ್ ಮುಂದಾಳುಗಳು. ಇಪ್ಪತ್ತು ವರ್ಷಗಳ ಹಿಂದೆ ಬರ್ಮಾದ ಕಾಡಿನಲ್ಲಿ ಎರಡು ಪಾಳೆಯಗಳಾಗಿ ಕಾದಾಡುತ್ತಿದ್ದ ಮೂರು ದೇಶಗಳವರು ಒಂದೇ ಪಂಜರದಲ್ಲಿ ಕೆಳಗಿಳಿಯುತ್ತಿದ್ದರು. ಬೆಲೆಯ ವಿಚಾರಕ್ಕೆ ಇದು ಸಂಬಂಧಿಸಿದ್ದಲ್ಲ. ಆದರೆ ಬಣಗಳು ಶಾಶ್ವತ ಎಂದು ಇಂದು ನಂಬುವವರು ಗಮನಿಸಲಿ ಎಂದು ಬರೆದೆ.

1971ರ ಆಗಸ್ಟ್ 15ರಂದು ನಿಕ್ಸನ್ ಡಾಲರಿನ ಗಂಟನ್ನು ಚಿನ್ನದಿಂದ ಬಿಚ್ಚಿದ. ಮರುವರ್ಷ ಗಣಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಲ್ಲಿಂದ ಮುಂದೆ ಬೆಲೆ ತನ್ನಿಷ್ಟದಂತೆ ಓಡಾಡತೊಡಗಿದ್ದರಿಂದ ನಮ್ಮ ಊಹೆಯನ್ನು ನ್ಯಾಯವಾಗಿ ಪರೀಕ್ಷಿಸಬಹುದಾದ್ದು ಆಗಿನಿಂದಲೇ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮರುತಿಂಗಳು, 1980ರ ಜನವರಿ 21ರಂದು, ಚಿನ್ನ 850 ಡಾಲರ್ ಮುಟ್ಟಿತು. ಊಹೆಗೆ ಬೆಂಬಲ ಸಿಕ್ಕಿತು ಎನ್ನೋಣ. ಆದರೆ 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಎಚ್ಚರಿಕೆ ಯಂತ್ರ ಅಮೆರಿಕದ ಕ್ಷಿಪಣಿಗಳು ಹಾರಿವೆ ಎಂದು ಸುಳ್ಳು ಸೂಚನೆ ಕೊಟ್ಟಿತು; ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಅದನ್ನು ನಂಬದಿದ್ದುದರಿಂದ ಅನಾಹುತ ತಪ್ಪಿತು. ಆ ದಿನಗಳಲ್ಲಿ ಚಿನ್ನ 1980ರ ಆ ಬೆಲೆಯ ಅರ್ಧಕ್ಕಿಂತಲೂ ಕೆಳಗಿತ್ತು.

ಇದಕ್ಕಿಂತಲೂ ಹರಿತವಾದ ಉದಾಹರಣೆ ನಮ್ಮದೇ. 1999ರ ಮೇ ತಿಂಗಳಲ್ಲಿ ಬ್ರಿಟನ್ ತನ್ನ ಚಿನ್ನದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಮಾರುವುದಾಗಿ ಹೇಳಿತು. ಅದೇ ತಿಂಗಳು ಕಾರ್ಗಿಲ್ ಶುರುವಾಯಿತು. ಹಿಂದಿನ ವರ್ಷವಷ್ಟೇ ಅಣ್ವಸ್ತ್ರ ಸಿಡಿಸಿ ತೋರಿಸಿದ್ದ ಎರಡು ದೇಶಗಳು ಬೆಟ್ಟದ ತುದಿಯಲ್ಲಿ ಫಿರಂಗಿ ಹಿಡಿದು ಕಾದಾಡುತ್ತಿದ್ದ ಜುಲೈನಲ್ಲಿ ಲಂಡನ್ ಬೆಲೆ 253 ಡಾಲರಿಗೂ ಕೆಳಗಿಳಿಯಿತು, ಇಪ್ಪತ್ತು ವರ್ಷಗಳಲ್ಲೇ ಕನಿಷ್ಠ. ಪೇಟೆಗೆ ಕಾರ್ಗಿಲ್ ಕಾಣಲೇ ಇಲ್ಲ. ಕಂಡದ್ದು ಬ್ಯಾಂಕ್ ಆಫ್ ಇಂಗ್ಲೆಂಡಿನ ಹರಾಜು. ಇನ್ನೆರಡು ವರ್ಷ ಬೆಲೆ ಅಲ್ಲೇ ಸುತ್ತಾಡುತ್ತಿರುವಾಗ ಕೆಜಿಎಫ್ ಮುಚ್ಚಿತು. ಟನ್ ಅದಿರಿಗೆ ಮೂರು ಗ್ರಾಮಿನಷ್ಟೇ ಚಿನ್ನ ಸಿಗುತ್ತಿದ್ದುದು, ಹಳೆಯ ಯಂತ್ರ, ಸಾಲ, 1992ರಿಂದ ಪುನಶ್ಚೇತನ ಮಂಡಳಿಯ ಮುಂದಿದ್ದ ಕಡತ ಎಲ್ಲವೂ ಕಾರಣವೇ. ಆದರೂ ದೊಡ್ಡ ದೇಶಗಳು ಒಬ್ಬರನ್ನೊಬ್ಬರು ನಂಬಿ ಚಿನ್ನ ಯಾಕೆ ಬೇಕು ಎಂದುಕೊಂಡ ಒಂದೇ ಒಂದು ದಶಕದಲ್ಲಿ ಈ ಗಣಿ ಸತ್ತಿತು ಎಂಬುದನ್ನು ಕಾಕತಾಳೀಯ ಎಂದು ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಬೆಲೆ ಅಳೆಯುವುದು ಏನನ್ನು? ನನ್ನ ಓದಿನಲ್ಲಿ ಅದು ಅಳೆಯುವುದು ಒಂದು ದೇಶದ ಖಜಾನೆ ಇನ್ನೊಂದರ ವಾಗ್ದಾನದ ಮೇಲೆ ಇಟ್ಟ ನಂಬಿಕೆಯನ್ನು. 1991ರ ಜುಲೈನಲ್ಲಿ, ಕೊಲ್ಲಿ ಯುದ್ಧದಿಂದ ಎಣ್ಣೆ ಬೆಲೆ ಏರಿ ವಿದೇಶಿ ವಿನಿಮಯ ಬತ್ತಿದಾಗ, ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳಿಸಿ ಅಡವಿಡಬೇಕಾಯಿತು. ನಮ್ಮ ಕಾಗದವನ್ನು ಯಾರೂ ನಂಬದ ಆ ಹೊತ್ತಿನಲ್ಲಿ ಲೋಹವೊಂದೇ ಚಲಾವಣೆಯಾದದ್ದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಪಶ್ಚಿಮದ ದೇಶಗಳು ಅದರ ಸುಮಾರು 300 ಬಿಲಿಯನ್ ಡಾಲರ್ ಮೀಸಲನ್ನು ತಡೆಹಿಡಿದವು. ಬೇರೆಯವರ ಪುಸ್ತಕದಲ್ಲಿ ನಮ್ಮ ಹೆಸರಿಗೆ ಬರೆದ ಹಣ ನಮ್ಮದಾಗಿ ಉಳಿಯುವುದೇ ಎಂಬ ಪ್ರಶ್ನೆ ಆಗ ಎಲ್ಲ ಖಜಾನೆಗಳಿಗೂ ಬಂತು. 2022, 2023, 2024, ಮೂರೂ ವರ್ಷ ಕೇಂದ್ರ ಬ್ಯಾಂಕುಗಳು ತಲಾ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಕೋಲಾರ ನೂರಿಪ್ಪತ್ತು ವರ್ಷಗಳಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು, ಪ್ರತಿ ವರ್ಷ. ನಮ್ಮ ರಿಸರ್ವ್ ಬ್ಯಾಂಕಿನ ಬಳಿಯೂ 2025ರ ಮಾರ್ಚ್ ಹೊತ್ತಿಗೆ ಸುಮಾರು 880 ಟನ್ ಇತ್ತು; 2023-24ರಲ್ಲಿ ಇಂಗ್ಲೆಂಡಿನಲ್ಲಿಟ್ಟಿದ್ದ ಸುಮಾರು 100 ಟನ್ನನ್ನು ಅದು ದೇಶದೊಳಕ್ಕೆ ತಂದಿತು.

ಇದು ಅಪನಂಬಿಕೆ. ಅಪನಂಬಿಕೆ ಯುದ್ಧದ ಒಂದು ಕಾರಣವೇ ಹೊರತು ಅದೇ ಯುದ್ಧವಲ್ಲ. ಅಪನಂಬಿಕೆಯಿರುವ ಇಬ್ಬರು ಹೊಡೆದಾಡುತ್ತಾರೋ ಇಲ್ಲವೋ ಎಂಬುದು ತಪ್ಪು ಹೆಜ್ಜೆ ಬಿದ್ದಾಗ ಹಿಂದೆ ಸರಿಯಲು ದಾರಿಯಿದೆಯೇ ಎಂಬುದರ ಮೇಲೆ ನಿಂತಿದೆ. 1914ರಲ್ಲಿ ಇರಲಿಲ್ಲ: ಸೈನ್ಯ ಸಾಗಿಸುವ ರೈಲುಗಳ ವೇಳಾಪಟ್ಟಿ ಒಮ್ಮೆ ಶುರುವಾದರೆ ನಿಲ್ಲಿಸಲಾಗದು ಎಂದು ಸೇನಾಪತಿಗಳೇ ಹೇಳಿದರು, ಮೈತ್ರಿಗಳು ಒಂದರ ಹಿಂದೊಂದು ಎಳೆದುಕೊಂಡು ಹೋದವು. 1962ರಲ್ಲಿ ಕಷ್ಟಪಟ್ಟು ಹುಡುಕಿಕೊಂಡರು, ಮರುವರ್ಷವೇ ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ನೇರ ಸಂಪರ್ಕದ ಲೈನು ಎಳೆದರು. 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ಚೀನಾ ಸೇನೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರೂ ಒಂದೂ ಗುಂಡು ಹಾರಲಿಲ್ಲ. ಗಡಿರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಎಂಬ 1996ರ ಒಪ್ಪಂದ, ಉಳಿದೆಲ್ಲ ಹರಿದುಹೋದ ಆ ರಾತ್ರಿಯೂ, ಎಳೆಯಷ್ಟು ಉಳಿದಿತ್ತು. ಕಾಗದದ ಒಪ್ಪಂದಗಳನ್ನು ಹಗುರವಾಗಿ ಮಾತಾಡುವವರು ಇದನ್ನು ನೆನೆಯಬೇಕು.

ಈ ಅಳತೆಯಿಂದ ನೋಡಿದರೆ ಇಂದಿನ ಸ್ಥಿತಿ ಚಿನ್ನದ ರೇಟು ಹೇಳುವುದಕ್ಕಿಂತ ಒಂದು ಕಡೆ ಉತ್ತಮ, ಒಂದು ಕಡೆ ಕೆಟ್ಟದ್ದು. ಅಮೆರಿಕ ಮತ್ತು ಚೀನಾ ಸೇನೆಗಳ ನಡುವೆ 2022ರ ಆಗಸ್ಟ್‌ನಲ್ಲಿ ಕಡಿದುಹೋದ ಮಾತುಕತೆ 2023ರ ನವೆಂಬರ್‌ನಲ್ಲಿ ಎರಡೂ ದೇಶಗಳ ಅಧ್ಯಕ್ಷರ ಭೇಟಿಯ ನಂತರ ಮತ್ತೆ ಕೂಡಿತು. ಇನ್ನೊಂದೆಡೆ, ಅಮೆರಿಕ ಮತ್ತು ರಷ್ಯಾದ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ಕೊನೆಯ ಒಪ್ಪಂದದಿಂದ ರಷ್ಯಾ 2023ರಲ್ಲೇ ಅರ್ಧ ಹೊರಬಂದಿತ್ತು. ಅದರ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ನನ್ನನ್ನು ಕಳವಳಕ್ಕೆ ತಳ್ಳುವುದು ಈ ತಾರೀಖೇ ಹೊರತು 4,000 ಡಾಲರ್ ಅಲ್ಲ. ಅಪಾಯ ನಿಜ, ಅನಿವಾರ್ಯ ಎನ್ನಲು ಆಧಾರ ಸಾಲದು.

ಬೆಲೆಯ ಜಿಗಿತ ಕೋಲಾರಕ್ಕೆ ತರುವ ಪರಿಣಾಮ ಮಾತ್ರ ಆಗಲೇ ಬಾಗಿಲಲ್ಲಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೆಜಿಎಫ್‌ನ ಹದಿಮೂರು ಸೈನೈಡ್ ಗುಡ್ಡಗಳಿಂದ, ಸಾವಿರ ಎಕರೆಯಷ್ಟು ಹರಡಿದ ಆ ಅರೆದ ಮಣ್ಣಿನಿಂದ, ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಸಿನಿಮಾದವರಿಗೆ ಅದು ಚಂದದ ಹಿನ್ನೆಲೆ. ಗಾಳಿಗಾಲದಲ್ಲಿ ಅದರ ಪುಡಿ ಬಂದು ಕೂರುವುದು ಲೈನು ಮನೆಗಳ ಅನ್ನದ ತಟ್ಟೆಯ ಮೇಲೆ. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಸಿಗುವ ಮಣ್ಣನ್ನು ಅರೆಯುವುದು ಲಾಭದ ಮಾತಾದದ್ದೇ ಈ ಬೆಲೆಯಿಂದ. ಈ ಬೆಲೆ ಬಂದದ್ದು ಅಪನಂಬಿಕೆಯಿಂದ. ಅಪನಂಬಿಕೆ ಇಳಿದಾಗ ಬೆಲೆಯೂ ಇಳಿಯುತ್ತದೆಂದು 1980ರ ನಂತರದ ಇಪ್ಪತ್ತು ವರ್ಷ ತೋರಿಸಿವೆ. ಆದ್ದರಿಂದ ಟೆಂಡರಿನ ಷರತ್ತು ಬರೆಯುವವರು ಬೆಲೆ ಅರ್ಧಕ್ಕಿಳಿದರೆ ಕೆಲಸ ನಡುವೆಯೇ ನಿಂತುಹೋಗದಂತೆ, ಕೆದಕಿದ ಗುಡ್ಡಕ್ಕೆ ಮಣ್ಣು ಹೊದಿಸಿ ಗಿಡ ನೆಡುವ ಹಣವನ್ನು ಗುತ್ತಿಗೆದಾರ ಮೊದಲ ದಿನವೇ ಠೇವಣಿ ಇಡುವಂತೆ ಮಾಡಬೇಕು. 2001ರಲ್ಲಿ ಅಂಥ ಠೇವಣಿ ಇದ್ದಿದ್ದರೆ ಇಂದು ಆ ಗುಡ್ಡಗಳ ಮೇಲೆ ಮರ ಬೆಳೆದಿರುತ್ತಿತ್ತು.